ಮಳೆಗಾಲದಲ್ಲಿ ತವರಿನ ಹೆರಿಗೆ: ಕೊನೆಯ ವಾರಗಳಲ್ಲಿ ಏನೇನು ಸಿದ್ಧಮಾಡಿಕೊಳ್ಳಬೇಕು?

ಪ್ರಶ್ನೆ: ತುಂಗಾತೀರದವಳು

ಎಲ್ಲರಿಗೂ ನಮಸ್ಕಾರ. ಇದು ನನ್ನ ಚೊಚ್ಚಲ ಬಸಿರು. ಈಗ 34ನೇ ವಾರ ನಡೆಯುತ್ತಿದ್ದು, ವೈದ್ಯರು ಕೊಟ್ಟಿರುವ ದಿನಾಂಕ ಜುಲೈ ಕೊನೆಯ ವಾರಕ್ಕೆ ಬೀಳುತ್ತದೆ. ಬೆಂಗಳೂರಿನಲ್ಲಿ ಖಾಸಗಿ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಹೆರಿಗೆಗೆ ತವರಿಗೆ ಹೋಗುವುದೆಂದು ಎರಡೂ ಮನೆಯವರು ಸೇರಿ ತೀರ್ಮಾನಿಸಿದ್ದಾರೆ. ಎಂಟನೇ ತಿಂಗಳಿನಲ್ಲಿ ಕಳುಹಿಸುವ ಪದ್ಧತಿ ಇಲ್ಲವೆಂದು ಅತ್ತೆಯವರು ಹೇಳಿದ್ದರಿಂದ, ಒಂಬತ್ತು ಬಿದ್ದ ಮೇಲೆ, ಅಂದರೆ ಈ ತಿಂಗಳ ಕೊನೆಗೆ ಹೊರಡಬೇಕು.

ತವರು ಇರುವುದು ತೀರ್ಥಹಳ್ಳಿ ಪೇಟೆಯಿಂದ ಬಹಳ ಒಳಗೆ, ಅಡಿಕೆ ತೋಟದ ನಡುವಿನ ಒಂಟಿಮನೆಯಲ್ಲಿ. ಜುಲೈ ತಿಂಗಳ ಮಳೆಯಲ್ಲಿ ಅಲ್ಲಿ ಕರೆಂಟು ಹೋದರೆ ಮರುದಿನ ಬಂದರೂ ಪುಣ್ಯ, ಮೊಬೈಲ್ ಸಿಗ್ನಲ್ ಬೇಕೆಂದರೆ ಗದ್ದೆಯ ಅಂಚಿಗೆ ನಡೆದು ಹೋಗಬೇಕು. ಹೆರಿಗೆ ಶಿವಮೊಗ್ಗದಲ್ಲಿ ಆಗಲಿ ಎಂಬುದು ನಮ್ಮವರ ಇಚ್ಛೆ. ಆದರೆ ತೀರ್ಥಹಳ್ಳಿಯಿಂದಲೇ ಅದು ಸುಮಾರು 60 ಕಿಲೋಮೀಟರ್ ದೂರ. ನೋವು ಬಂದಾಗ ಯಾವ ಹಂತದಲ್ಲಿ ಹೊರಡಬೇಕು, ಮೊದಲೇ ಶಿವಮೊಗ್ಗಕ್ಕೆ ಹೋಗಿ ಉಳಿಯಬೇಕೇ ಎಂಬುದು ಮೊದಲ ಪ್ರಶ್ನೆ.

ಎರಡನೆಯದು ಹಾಲೂಡುವ ವಿಷಯ. ನನ್ನ ಅಕ್ಕನಿಗೆ ಮೂರು ದಿನವಾದರೂ ಹಾಲು ಇಳಿಯಲಿಲ್ಲವೆಂದು ಪುಡಿ ಹಾಲು ಆರಂಭಿಸಿದರು, ಕೊನೆಗೆ ಅದೇ ಗಟ್ಟಿಯಾಯಿತು. ಅಜ್ಜಿಯವರು ಈಗಲೇ ಕೊಬ್ಬರಿ ಎಣ್ಣೆ ಹಚ್ಚಿ ಒರಟು ಬಟ್ಟೆಯಿಂದ ತೊಟ್ಟನ್ನು ಉಜ್ಜಿಕೊಳ್ಳಲು ಹೇಳುತ್ತಿದ್ದಾರೆ. ಮಗು ಹುಟ್ಟಿದ ಕೂಡಲೇ ಜೇನುತುಪ್ಪ ನೆಕ್ಕಿಸುವುದಕ್ಕೂ ಬಜೆ ತೇಯುವುದಕ್ಕೂ ಅವರ ತಯಾರಿ ನಡೆದಿದೆ. ನನ್ನ ಒಂದು ತೊಟ್ಟು ಚಪ್ಪಟೆಯಾಗಿದೆ ಎಂಬ ಚಿಂತೆಯೂ ಇದೆ. ಬಟ್ಟೆ ಒಣಗದ ಆ ಮಳೆಯಲ್ಲಿ ಕೂಸಿನ ಲಂಗೋಟಿಗಳಿಗೆ ಏನು ಮಾಡುವುದು ಎಂಬುದರಿಂದ ಹಿಡಿದು, ಆಸ್ಪತ್ರೆಗೆ ಏನೇನು ಒಯ್ಯಬೇಕೆಂಬುದರವರೆಗೆ ತಿಳಿದವರು ದಯವಿಟ್ಟು ಹೇಳಿ. ಅಂತರ್ಜಾಲದಲ್ಲಿ ಸಿಗುವ ಪಟ್ಟಿಗಳೆಲ್ಲ ನಗರದ ಅಪಾರ್ಟ್‌ಮೆಂಟಿಗೆ ಬರೆದಂತಿವೆ.

ಉತ್ತರ 1: ನಿವೃತ್ತ ಶುಶ್ರೂಷಕಿ

ತಂಗಿ, ಸರ್ಕಾರಿ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಬಹಳ ವರ್ಷ ದುಡಿದು ನಿವೃತ್ತಳಾದವಳು ನಾನು. ಚೀಲದ ವಿಷಯವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಚೀಲ ಮರೆತು ಬಂದವಳಿಗೆ ಪಕ್ಕದ ಹಾಸಿಗೆಯವರು ಒಂದು ಹಳೆಯ ಸೀರೆ ಕೊಟ್ಟಾರು. ಆದರೆ ಒಮ್ಮೆಯೂ ತೋರಿಸದ ಆಸ್ಪತ್ರೆಗೆ, ಯಾವ ದಾಖಲೆಯೂ ಇಲ್ಲದೆ, ನಡುರಾತ್ರಿ ಬಂದು ಇಳಿದವಳ ಚಿಕಿತ್ಸೆ ಸೊನ್ನೆಯಿಂದ ಆರಂಭವಾಗಬೇಕಾಗುತ್ತದೆ.

ಆದ್ದರಿಂದ ತವರಿಗೆ ಹೋದ ವಾರದಲ್ಲೇ ಶಿವಮೊಗ್ಗದಲ್ಲಿ ಹೆರಿಗೆ ಮಾಡಿಸಬೇಕೆಂದಿರುವ ಆಸ್ಪತ್ರೆಗೆ ಹೋಗಿ, ವೈದ್ಯರನ್ನು ಕಂಡು, ಹೆಸರು ಬರೆಸಿ ಬನ್ನಿ. ಬೆಂಗಳೂರಿನ ಎಲ್ಲ ಸ್ಕ್ಯಾನಿಂಗ್ ವರದಿಗಳು, ತಾಯಿ ಕಾರ್ಡ್, ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ಎಚ್‌ಐವಿ, ಹೆಪಟೈಟಿಸ್ ಬಿ ಪರೀಕ್ಷೆಗಳ ಫಲಿತಾಂಶಗಳು ಮತ್ತು ಧನುರ್ವಾಯು ತಡೆಯುವ ಟಿಡಿ ಚುಚ್ಚುಮದ್ದು ಹಾಕಿಸಿಕೊಂಡ ದಿನಾಂಕಗಳು ಒಂದೇ ಫೈಲಿನಲ್ಲಿರಲಿ. ಅವೆಲ್ಲವುಗಳ ಫೋಟೋ ನಿಮ್ಮ ಮತ್ತು ಯಜಮಾನರ ಮೊಬೈಲಿನಲ್ಲೂ ಇರಲಿ. ಇವು ಬರಿಯ ಕಾಗದವಲ್ಲ. ನಿಮ್ಮ ರಕ್ತ ನೆಗೆಟಿವ್ ಗುಂಪಿನದಾಗಿದ್ದು ಮಗುವಿನದು ಪಾಸಿಟಿವ್ ಆದರೆ, ಹೆರಿಗೆಯಾದ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಬೇಕು. ಹೆಪಟೈಟಿಸ್ ಬಿ ಇರುವ ತಾಯಿಯ ಮಗುವಿಗೆ ಮಾಮೂಲಿ ಲಸಿಕೆಯ ಜೊತೆಗೆ ಇನ್ನೊಂದು ಚುಚ್ಚುಮದ್ದನ್ನೂ ತಡಮಾಡದೆ ಕೊಡಬೇಕು. ಮುಂಚೆಯೇ ಗೊತ್ತಿದ್ದರೆ ಮಾತ್ರ ಇವೆಲ್ಲ ಕೈಗೆಟಕುವ ಹಾಗೆ ಇರುತ್ತವೆ. 36ನೇ ವಾರದ ಭೇಟಿಯಲ್ಲಿ ಮಗುವಿನ ತಲೆ ಕೆಳಗಿದೆಯೇ, ಮಾಸು ಗರ್ಭಕೋಶದ ಬಾಯಿಯಿಂದ ದೂರ ಇದೆಯೇ, ಹಿಮೋಗ್ಲೋಬಿನ್ 11ರ ಮೇಲಿದೆಯೇ ಎಂದು ನೀವೇ ಕೇಳಿ ತಿಳಿದುಕೊಳ್ಳಿ. ಕಡಿಮೆ ಇದ್ದರೆ ಸರಿಪಡಿಸಲು ಇನ್ನೂ ಕಾಲ ಇರುತ್ತದೆ. ಕಬ್ಬಿಣದ ಮಾತ್ರೆಯನ್ನು ಹೆರಿಗೆಯ ದಿನಕ್ಕೆ ನಿಲ್ಲಿಸುವವರೇ ಹೆಚ್ಚು. ಆಮೇಲೂ 180 ದಿನ ನುಂಗಬೇಕು.

ಹೊರಡುವ ಸಮಯದ ಬಗ್ಗೆ ಹೇಳುವುದಾದರೆ, ಚೊಚ್ಚಲ ಹೆರಿಗೆಯಲ್ಲಿ ನೋವು ಸರಿಯಾಗಿ ಹಿಡಿದ ಮೇಲೂ ಸಾಮಾನ್ಯವಾಗಿ ಹಲವು ಗಂಟೆಗಳ ಅವಕಾಶ ಇರುತ್ತದೆ. ಸುಳ್ಳು ನೋವು ನಡೆದಾಡಿದರೆ ಅಥವಾ ಮಗ್ಗುಲು ಬದಲಿಸಿದರೆ ಕಡಿಮೆಯಾಗುತ್ತದೆ. ನಿಜವಾದ ನೋವು ಸೊಂಟದಿಂದ ಹೊಟ್ಟೆಯ ಮುಂಭಾಗಕ್ಕೆ ಸುತ್ತಿ ಬಂದು, ಬರಬರುತ್ತ ಹತ್ತಿರವೂ ಬಲವೂ ಆಗುತ್ತದೆ. ಐದು ನಿಮಿಷಕ್ಕೊಮ್ಮೆ ನೋವು ಬಂದು, ಪ್ರತಿಯೊಂದೂ ಒಂದು ನಿಮಿಷ ನಿಂತು, ಹೀಗೆ ಒಂದು ಗಂಟೆ ಮುಂದುವರಿದರೆ ಹೊರಡಿ ಎಂಬ ಮಾತು ಆಸ್ಪತ್ರೆಯ ಪಕ್ಕದ ಬೀದಿಯವರಿಗೆ ಸರಿ. ಮಳೆಯಲ್ಲಿ ಎರಡು ಗಂಟೆಯ ದಾರಿ ಇರುವ ನೀವು ಹತ್ತು ನಿಮಿಷದ ಅಂತರ ನಿಯಮಿತವಾದಾಗಲೇ ಗಾಡಿ ಹತ್ತಬೇಕು. ಅಲ್ಲಿಗೆ ಹೋದಮೇಲೆ ‘ಇನ್ನೂ ಸಮಯವಿದೆ’ ಎಂದು ವಾಪಸು ಕಳುಹಿಸಿದರೆ ನಾಚಿಕೆಪಡಬೇಡಿ.

ನೋವಿಗೆ ಕಾಯದೆ ಹೊರಡಬೇಕಾದ ಸಂದರ್ಭಗಳನ್ನು ಮನೆಯ ಗೋಡೆಗೆ ಬರೆದು ಅಂಟಿಸಿ, ಏಕೆಂದರೆ ಆ ಹೊತ್ತಿಗೆ ನಿಮಗಿಂತ ಮನೆಯವರು ಗಾಬರಿಯಾಗಿರುತ್ತಾರೆ. ನೀರು ಹೋದರೆ, ಅದರಲ್ಲೂ ಹಸಿರು ಅಥವಾ ಕಂದು ಬಣ್ಣದ ನೀರು ಹೋದರೆ, ತಕ್ಷಣ ಹೊರಡಬೇಕು. ಅಂಟಂಟಾದ ಲೋಳೆಯಲ್ಲಿ ಎಳೆಯಷ್ಟು ರಕ್ತ ಕಾಣಿಸುವುದು ಸಹಜ. ಮುಟ್ಟಿನಂತೆ ರಕ್ತ ಹೋಗುವುದು ಸಹಜವಲ್ಲ. ಮಾತ್ರೆಗೂ ಜಗ್ಗದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಕೈಗಳ ಊತ, ಇವು ಬಿಪಿ ಏರಿರುವುದರ ಲಕ್ಷಣಗಳು. ಮಗುವಿನ ಒದೆತ ಎಂದಿನಂತಿಲ್ಲ ಎನ್ನಿಸಿದರೆ ಊಟ ಮಾಡಿ, ಎಡಮಗ್ಗುಲಾಗಿ ಮಲಗಿ ಎಣಿಸಿ. ಎರಡು ಗಂಟೆಯಲ್ಲಿ ಹತ್ತು ಸಲವಾದರೂ ಅಲುಗದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಕೊನೆಯ ತಿಂಗಳಲ್ಲಿ ಜಾಗ ಸಾಲದೆ ಮಗು ಅಲುಗುವುದು ಕಡಿಮೆಯಾಗುತ್ತದೆ ಎಂಬ ಮಾತನ್ನು ನಂಬಿ ತಡಮಾಡಿದವರನ್ನು ನಾನು ವಾರ್ಡಿನಲ್ಲಿ ಕಂಡಿದ್ದೇನೆ. ಆ ಮಾತು ಸುಳ್ಳು.

ಇನ್ನು ಚೀಲ. ನಿಮಗೆ ಮುಂಭಾಗದಲ್ಲಿ ಗುಂಡಿ ಇರುವ ನೈಟಿಗಳು, ದೊಡ್ಡ ಅಳತೆಯ ಪ್ಯಾಡುಗಳು, ಸೊಂಟಕ್ಕೆ ಬಿಗಿಯಾಗದ ಒಳ ಉಡುಪು, ಕಾಲುಚೀಲ, ಸ್ವೆಟರ್, ಒಂದು ಫ್ಲಾಸ್ಕ್, ಸ್ಟೀಲ್ ಲೋಟ ಮತ್ತು ಚಮಚ. ಮಗುವಿಗೆ ಒಗೆದು ಬಿಸಿಲಿಗೆ ಒಣಗಿಸಿದ ಹಳೆಯ ಹತ್ತಿ ಸೀರೆಯ ಅಥವಾ ಪಂಚೆಯ ತುಂಡುಗಳು ಧಾರಾಳವಾಗಿ ಇರಲಿ, ಜೊತೆಗೆ ಕುಲಾವಿ, ಝಬಲಾ, ದಪ್ಪ ಟವೆಲ್. ಹೊಸ ಬಟ್ಟೆಯಾದರೆ ಗಂಜಿ ಹೋಗುವಂತೆ ಒಗೆಯಿರಿ. ಇವನ್ನೆಲ್ಲ ಜೂನ್‌ನಲ್ಲಿ ಬಿಸಿಲು ಇಣುಕಿದ ದಿನ ಮುಗಿಸಿ, ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿಡಿ.

ಉತ್ತರ 2: ಎರಡು ಮಕ್ಕಳ ತಾಯಿ, ದಾವಣಗೆರೆ

ಮೇಲಿನ ಉತ್ತರದಲ್ಲಿ ಹೆರಿಗೆಯ ವಿಷಯ ಸಮರ್ಪಕವಾಗಿ ಬಂದಿದೆ. ನಾನು ಹಾಲೂಡುವುದರ ಬಗ್ಗೆ ಮಾತ್ರ ಬರೆಯುತ್ತೇನೆ. ನನ್ನ ಎರಡೂ ಹೆರಿಗೆ ಸಿಸೇರಿಯನ್, ಎರಡೂ ಮಕ್ಕಳು ಎದೆಹಾಲಿನಲ್ಲೇ ಬೆಳೆದವರು.

ತೊಟ್ಟನ್ನು ಎಣ್ಣೆ ಹಚ್ಚಿ ಉಜ್ಜುವುದರಿಂದ ಅದು ಗಟ್ಟಿಯಾಗುವುದಿಲ್ಲ, ಚರ್ಮ ಸಿಪ್ಪೆಯೆದ್ದು ಮೊದಲ ದಿನವೇ ಉರಿಯುತ್ತದೆ. ತೊಟ್ಟಿನ ಸುತ್ತಲಿನ ಸಣ್ಣ ಗುಳ್ಳೆಗಳಿಂದ ಜಿಡ್ಡಿನ ದ್ರವ ತಾನಾಗಿ ಒಸರಿ ಚರ್ಮವನ್ನು ಕಾಯುತ್ತಿರುತ್ತದೆ. ಸೋಪು ಹಾಕಿ ತೊಳೆದರೂ ಅದು ಹೋಗಿಬಿಡುತ್ತದೆ. ಸ್ನಾನದ ನೀರೇ ಸಾಕು. ಚಪ್ಪಟೆ ತೊಟ್ಟಿನ ಬಗ್ಗೆ ಒಂದು ಪರೀಕ್ಷೆ ಮಾಡಿ ನೋಡಿ: ತೊಟ್ಟಿನ ಬುಡದ ಕಪ್ಪುಭಾಗದ ಅಂಚನ್ನು ಎರಡು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಅದು ಹೊರಗೆ ಬಂದರೆ ಏನೂ ತೊಂದರೆಯಿಲ್ಲ. ಮಗು ಚೀಪುವುದು ತೊಟ್ಟನ್ನಷ್ಟೇ ಅಲ್ಲ, ಸುತ್ತಲಿನ ಕಪ್ಪುಭಾಗವನ್ನೂ ಬಾಯಿತುಂಬ ತೆಗೆದುಕೊಳ್ಳುತ್ತದೆ. ಒತ್ತಿದಾಗ ಒಳಗೇ ಹೋದರೆ ಅದು ಒಳಸರಿದ ತೊಟ್ಟು, ಅದಕ್ಕೂ ದಾರಿ ಇದೆ.

ಆ ದಾರಿ ನಮ್ಮ ದಾವಣಗೆರೆಯದೇ ಎಂಬುದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ. ಇಲ್ಲಿನ ಮಕ್ಕಳ ತಜ್ಞೆ ಡಾ. ನಿರ್ಮಲಾ ಕೇಸರಿ ಮತ್ತು ಅವರ ಸಹೋದ್ಯೋಗಿಗಳು 1993ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಸಿರಿಂಜ್ ವಿಧಾನ ಇಂದು ಹೊರದೇಶಗಳ ತರಬೇತಿಗಳಲ್ಲೂ ಬಳಕೆಯಲ್ಲಿದೆ. ಹತ್ತು ಎಂಎಲ್‌ನ ಹೊಸ ಸಿರಿಂಜಿನ ಸೂಜಿ ಸಿಕ್ಕಿಸುವ ತುದಿಯನ್ನು ಕತ್ತರಿಸಿ, ಒಳಗಿನ ದಂಡವನ್ನು ಹೊರತೆಗೆದು, ಕತ್ತರಿಸಿದ ಕಡೆಯಿಂದ ಅದನ್ನು ಮತ್ತೆ ತೂರಿಸಬೇಕು. ಆಗ ನಯವಾದ ಅಂಚು ಇನ್ನೊಂದು ಕಡೆಗೆ ಬರುತ್ತದೆ. ಅದನ್ನು ತೊಟ್ಟಿನ ಮೇಲೆ ಕೂರಿಸಿ, ನೋವಾಗದಷ್ಟು ಮೆಲ್ಲಗೆ ದಂಡವನ್ನು ಎಳೆದು ಅರ್ಧದಿಂದ ಒಂದು ನಿಮಿಷ ಹಿಡಿದರೆ ತೊಟ್ಟು ಹೊರಗೆ ಬರುತ್ತದೆ, ಕೂಡಲೇ ಮಗುವನ್ನು ಕಚ್ಚಿಸಬೇಕು. ಇದನ್ನು ಹೆರಿಗೆಯ ನಂತರ, ದಾದಿಯರ ಎದುರಿನಲ್ಲಿ ಮಾಡಿ. ಈಗ ತೊಟ್ಟನ್ನು ಎಳೆಯುವುದರಿಂದ ಗರ್ಭಕೋಶ ಬಿಗಿಯುವ ಸಾಧ್ಯತೆ ಇರುವುದರಿಂದ ಸಿರಿಂಜನ್ನು ಚೀಲದಲ್ಲಿ ಹಾಕಿಟ್ಟುಕೊಂಡರೆ ಸಾಕು.

ಮೂರು ದಿನ ಹಾಲು ಇಳಿಯಲಿಲ್ಲವೆಂಬುದು ನಿಮ್ಮ ಅಕ್ಕನ ದೇಹದ ದೋಷವಲ್ಲ. ತುಂಬುಹಾಲು ಬರುವುದೇ ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದ ನಡುವೆ. ಸಿಸೇರಿಯನ್ ಆದವರಿಗೆ ಇನ್ನೂ ಸ್ವಲ್ಪ ತಡ. ಅಲ್ಲಿಯವರೆಗೆ ಬರುವುದು ವೈದ್ಯರು ಕೊಲಸ್ಟ್ರಮ್ ಎನ್ನುವ ದಪ್ಪ ಹಳದಿ ಹಾಲು, ಅದೂ ಒಂದು ಸಲಕ್ಕೆ ಒಂದೆರಡು ಚಮಚ. ಹುಟ್ಟಿದ ಕೂಸಿನ ಹೊಟ್ಟೆಗೆ ಅಷ್ಟೇ ಬೇಕು. ಮಗು ಚೀಪಿದಷ್ಟೂ ಹಾಲು ಹೆಚ್ಚುತ್ತದೆ, ಸೀಸೆಯಲ್ಲಿ ಕೊಟ್ಟಷ್ಟೂ ಚೀಪುವುದು ಕಡಿಮೆಯಾಗಿ ಹಾಲೂ ಕಡಿಮೆಯಾಗುತ್ತದೆ. ನಿಮ್ಮ ಅಕ್ಕನಿಗೆ ಆಗಿರುವುದು ಬಹುಶಃ ಇದೇ.

ಮೊದಲ ಗಂಟೆಯಲ್ಲೇ ಮಗುವನ್ನು ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿಕೊಡಲು ವೈದ್ಯರಿಗೆ ಮುಂಚೆಯೇ ಹೇಳಿರಿ. ಸಿಸೇರಿಯನ್ ಆದರೂ ಬೆನ್ನಿಗೆ ಚುಚ್ಚಿ ಕೊಡುವ ಅರಿವಳಿಕೆಯಲ್ಲಿ ನೀವು ಎಚ್ಚರವಾಗಿರುವುದರಿಂದ ಇದು ಸಾಧ್ಯ. ವೈದ್ಯಕೀಯ ಕಾರಣವಿಲ್ಲದೆ ಪುಡಿ ಹಾಲು ಕೊಡಬಾರದೆಂದು ಕೇಸ್ ಶೀಟಿನಲ್ಲಿ ಬರೆಸಿ. ಮಗುವಿನ ಹಾಲಿನ ಪುಡಿಯ ಜಾಹೀರಾತನ್ನೂ, ತಾಯಂದಿರಿಗೆ ಅದರ ಉಚಿತ ಡಬ್ಬಿ ಹಂಚುವುದನ್ನೂ ನಮ್ಮ ದೇಶದ 1992ರ ಕಾನೂನು ನಿಷೇಧಿಸಿದೆ ಎಂಬುದು ಗೊತ್ತಿದ್ದರೆ ಯಾರಾದರೂ ಡಬ್ಬಿ ತಂದು ಮುಂದಿಟ್ಟಾಗ ಮಾತನಾಡಲು ಧೈರ್ಯ ಬರುತ್ತದೆ.

ಕಚ್ಚಿಸುವ ಕ್ರಮವನ್ನು ಈಗಲೇ ಒಂದು ಬೊಂಬೆ ಇಟ್ಟುಕೊಂಡು ರೂಢಿಸಿಕೊಳ್ಳಿ. ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರಬೇಕು. ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಬೇಕು. ತೊಟ್ಟನ್ನು ಮೇಲ್ದುಟಿಗೆ ಸವರಿ, ಮಗು ಆಕಳಿಸುವಷ್ಟು ಬಾಯಿ ತೆರೆದಾಗ ಅದನ್ನು ಎದೆಗೆ ತರಬೇಕೇ ಹೊರತು, ನೀವು ಬಗ್ಗಿ ಎದೆಯನ್ನು ಬಾಯಿಗೆ ತುರುಕಬಾರದು. ಗಲ್ಲ ಎದೆಗೆ ಒತ್ತಿದ್ದು, ಕೆಳದುಟಿ ಹೊರಕ್ಕೆ ಮಡಿಚಿದ್ದು, ಕಪ್ಪುಭಾಗ ಮೇಲುಗಡೆ ಹೆಚ್ಚು ಕಾಣುತ್ತಿದ್ದರೆ ಸರಿಯಾಗಿ ಕಚ್ಚಿದೆ ಎಂದರ್ಥ. ಮೊದಲ ಕೆಲವು ಕ್ಷಣ ದಾಟಿದ ಮೇಲೂ ನೋವು ನಿಲ್ಲದಿದ್ದರೆ ಸಹಿಸಿಕೊಂಡು ಕೂರಬೇಡಿ. ಬಾಯಿಯ ಮೂಲೆಗೆ ಕಿರುಬೆರಳು ತೂರಿಸಿ ಬಿಡಿಸಿ, ಮತ್ತೆ ಕಚ್ಚಿಸಿ. ಸಿಸೇರಿಯನ್ ಆದವರಿಗೆ ಹೊಲಿಗೆಯ ಮೇಲೆ ಭಾರ ಬೀಳದಂತೆ ಮಗ್ಗುಲಾಗಿ ಮಲಗಿಯೋ, ಮಗುವನ್ನು ಕಂಕುಳಡಿಗೆ ಹಿಡಿದೋ ಕುಡಿಸುವುದು ಸುಲಭ.

ಹಾಲು ಸಾಲುತ್ತಿದೆಯೇ ಎಂಬುದನ್ನು ಅಳುವಿನಿಂದ ಅಳೆಯಬೇಡಿ, ಒದ್ದೆ ಬಟ್ಟೆಯಿಂದ ಅಳೆಯಿರಿ. ಮೊದಲ ದಿನ ಒಂದು, ಎರಡನೇ ದಿನ ಎರಡು, ಹೀಗೆ ಏರುತ್ತ ಐದಾರನೇ ದಿನದಿಂದ ಆರಕ್ಕಿಂತ ಹೆಚ್ಚು ಸಲ ಮೂತ್ರ ಮಾಡಬೇಕು. ಕಪ್ಪು ಮಲ ನಾಲ್ಕೈದು ದಿನದಲ್ಲಿ ಹಳದಿಗೆ ತಿರುಗಬೇಕು. ಹುಟ್ಟಿದ ತೂಕ ಮೊದಲ ದಿನಗಳಲ್ಲಿ ತುಸು ಇಳಿಯುವುದು ಸಹಜ, ಆದರೆ ನೂರಕ್ಕೆ ಹತ್ತರಷ್ಟು ಇಳಿದರೆ ವೈದ್ಯರು ನೋಡಲೇಬೇಕು. ಎರಡು ವಾರದೊಳಗೆ ಅದು ಮರಳಿ ಬರಬೇಕು. ದಿನಕ್ಕೆ 8ರಿಂದ 12 ಸಲ ಕುಡಿಯುವುದು ವಾಡಿಕೆ. ಸಂಜೆ ಹೊತ್ತು ಬಿಟ್ಟೂಬಿಡದೆ ಕುಡಿಯುವುದನ್ನು ಕಂಡು ‘ಹಾಲಿಲ್ಲ’ ಎನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ.

ಒಂದು ಮಾತು: ಪಂಪಿಗೆ ಈಗಲೇ ಹಣ ಸುರಿಯಬೇಡಿ. ಕೆಲಸಕ್ಕೆ ಮರಳುವಾಗ ನೋಡಿದರಾಯಿತು. ಕೈಯಿಂದ ಹಿಂಡಿ ಲೋಟದಿಂದಲೋ ಒಳಲೆಯಿಂದಲೋ ಕುಡಿಸುವುದು ಕಲಿತರೆ ಕರೆಂಟಿನ ಹಂಗೂ ಇರುವುದಿಲ್ಲ.

ಉತ್ತರ 3: ಹೊಸನಗರದ ಅಪ್ಪ

ಹೆಂಗಸರ ಮಾತಿನ ನಡುವೆ ಬರುತ್ತಿರುವುದಕ್ಕೆ ಕ್ಷಮೆ ಇರಲಿ. ಗಾಡಿ, ದಾರಿ, ಕಾಗದಪತ್ರಗಳು ಗಂಡಸರ ಪಾಲಿಗೆ ಬರುವ ಕೆಲಸವಾದ್ದರಿಂದ, ನಿಮ್ಮ ಯಜಮಾನರೂ ಇದನ್ನು ಓದಲಿ.

ನನ್ನ ಅಭಿಪ್ರಾಯದಲ್ಲಿ ಹತ್ತು ನಿಮಿಷದ ಅಂತರವೆಂದು ಲೆಕ್ಕ ಹಾಕುತ್ತ ಆ ಒಂಟಿಮನೆಯಲ್ಲಿ ಕೂರುವುದೇ ಬೇಡ. ಜುಲೈ ಮಳೆಯಲ್ಲಿ ರಸ್ತೆಗೆ ಒಂದು ಮರ ಉರುಳಿದರೆ ಅದನ್ನು ಕಡಿದು ಸರಿಸಲು ಊರವರೇ ಸೇರಬೇಕು. 37 ವಾರ ತುಂಬಿದ ಮೇಲೆ ಹೆರಿಗೆ ಯಾವ ದಿನವೂ ಆಗಬಹುದು. ಆದ್ದರಿಂದ ಆ ಹೊತ್ತಿಗೆ ಶಿವಮೊಗ್ಗದಲ್ಲಿ ಬಂಧುಗಳ ಮನೆಯೋ, ಅಮ್ಮನೊಂದಿಗೆ ಒಂದು ಬಾಡಿಗೆ ಕೋಣೆಯೋ ನೋಡಿಕೊಂಡು ಉಳಿಯುವುದು ಒಳ್ಳೆಯದು. ನಾವು ಹಾಗೆಯೇ ಮಾಡಿದೆವು, ಬಾಣಂತನಕ್ಕೆ ಆಮೇಲೆ ತವರಿಗೆ ಹೋದರು. ಹೆರಿಗೆ ಒಂದು ಕಡೆ, ಬಾಣಂತನ ಇನ್ನೊಂದು ಕಡೆ ಆಗಬಾರದೆಂಬ ಶಾಸ್ತ್ರ ಎಲ್ಲಿಯೂ ಇಲ್ಲವಲ್ಲ.

ಅದು ಸಾಧ್ಯವಾಗದಿದ್ದರೆ ಊರಿನಲ್ಲಿ ಜೀಪು ಇರುವ ಇಬ್ಬರಿಗೆ ಮೊದಲೇ ಹೇಳಿಡಿ. ಒಬ್ಬರೇ ಆದರೆ ಆ ರಾತ್ರಿ ಅವರ ಜೀಪು ಗ್ಯಾರೇಜಿನಲ್ಲಿರುತ್ತದೆ. 108ಕ್ಕೆ ಕರೆ ಮಾಡಬೇಕೆಂದರೂ ಸಿಗ್ನಲ್ ಬೇಕು, ಆದ್ದರಿಂದ ಲ್ಯಾಂಡ್‌ಲೈನ್ ಇರುವ ಅಥವಾ ವೈಫೈ ಮೂಲಕ ಕರೆ ಹೋಗುವ ನೆರೆಮನೆ ಯಾವುದೆಂದು ನೋಡಿಕೊಳ್ಳಿ. ಆಶಾ ಕಾರ್ಯಕರ್ತೆಗೆ ನಿಮ್ಮ ದಿನಾಂಕ ತಿಳಿದಿರಲಿ, ದಾರಿಯಲ್ಲಿ ಹೆಚ್ಚುಕಡಿಮೆಯಾದರೆ ನಿಲ್ಲಬಹುದಾದ ತಾಲ್ಲೂಕು ಆಸ್ಪತ್ರೆಯೂ ಮನಸ್ಸಿನಲ್ಲಿರಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದರೆ 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಿಸೇರಿಯನ್, ಔಷಧಿ, ರಕ್ತ, ಊಟ, ಮನೆಯಿಂದ ಕರೆತರುವ ಮತ್ತು ಮರಳಿ ಬಿಡುವ ವಾಹನ, ಎಲ್ಲವೂ ಉಚಿತ. ಖಾಸಗಿಗೆ ಹೋಗುವವರೂ ಇದನ್ನು ತಿಳಿದಿರಬೇಕು, ಏಕೆಂದರೆ ಕೊನೆಯ ಗಳಿಗೆಯಲ್ಲಿ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಕಳುಹಿಸುವುದು ಅಪರೂಪವೇನಲ್ಲ. ನಿಮ್ಮ ಗುಂಪಿನ ರಕ್ತ ಕೊಡಬಲ್ಲ ಇಬ್ಬರ ಫೋನ್ ನಂಬರ್ ಆ ಫೈಲಿನ ಮೊದಲ ಪುಟದಲ್ಲೇ ಬರೆದಿಡಿ.

ಜನನ ನೋಂದಣಿ ಆಗುವುದು ಮಗು ಹುಟ್ಟಿದ ಊರಿನಲ್ಲಿ. ಬೆಂಗಳೂರಿಗೆ ಮರಳಿದ ಮೇಲೆ ಅಲ್ಲಿ ಮಾಡಿಸಲು ಬರುವುದಿಲ್ಲ. ಆಸ್ಪತ್ರೆಯವರೇ 21 ದಿನದೊಳಗೆ ವರದಿ ಕಳುಹಿಸುತ್ತಾರೆ, ಆದರೆ ಅವರು ತುಂಬುವ ನಮೂನೆಯಲ್ಲಿ ತಂದೆ ತಾಯಿಯ ಹೆಸರಿನ ಅಕ್ಷರಗಳು ಆಧಾರ್‌ನಲ್ಲಿರುವಂತೆಯೇ ಇವೆಯೇ ಎಂದು ಸಹಿ ಹಾಕುವ ಮುನ್ನ ಓದಿ ನೋಡಿ. ಮಗುವಿನ ಹೆಸರಿಗೆ ಅವಸರವಿಲ್ಲ, ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಯಿಂದ ಪಾಸ್‌ಪೋರ್ಟಿನವರೆಗೆ ಈ ಪ್ರಮಾಣಪತ್ರವೇ ಆಧಾರವಾದ್ದರಿಂದ, ಒಂದು ಅಕ್ಷರದ ತಪ್ಪಿಗೆ ಮುಂದೆ ಬಹಳ ಅಲೆಯಬೇಕಾಗುತ್ತದೆ.

ರಜೆಯ ವಿಷಯ: ಹೆರಿಗೆ ಭತ್ಯೆ ಕಾಯಿದೆಯ 2017ರ ತಿದ್ದುಪಡಿಯಿಂದ ಬಂದ ನಿಯಮದ ಪ್ರಕಾರ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ಇದೆ, ಅದರಲ್ಲಿ ಹೆರಿಗೆಗೆ ಮೊದಲು 8 ವಾರ ಮೀರಬಾರದು. ಮೊದಲೇ ಹೆಚ್ಚು ಬಳಸಿದರೆ ಮಗುವಿನೊಂದಿಗೆ ಇರುವ ದಿನಗಳು ಅಷ್ಟು ಕಡಿಮೆಯಾಗುತ್ತವೆ. ನಿಮಗೆ ಈಗಿನಿಂದ ಮನೆಯಿಂದಲೇ ಕೆಲಸ ಮಾಡುವ ಅವಕಾಶವಿದ್ದರೆ ಕೇಳಿ ನೋಡಿ.

ಉತ್ತರ 4: ಕೊಪ್ಪದ ಅಜ್ಜಿ

ಮಗಳೇ, ನಾನು ಶಾಲೆಯಲ್ಲಿ ಪಾಠ ಹೇಳಿದವಳು, ಹೆಣ್ಣುಮಕ್ಕಳ ಮತ್ತು ಸೊಸೆಯ ಬಾಣಂತನ ಮಾಡಿದವಳು. ನಿನ್ನ ಅಜ್ಜಿಯ ಎಲ್ಲ ಮಾತನ್ನೂ ತಳ್ಳಿಹಾಕಬೇಡ, ಎಲ್ಲವನ್ನೂ ಒಪ್ಪಲೂಬೇಡ.

ಜೇನುತುಪ್ಪ ಬೇಡವೇ ಬೇಡ. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ವರ್ಷ ತುಂಬದ ಮಗುವಿನ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡುತ್ತವೆ; ಬೊಟುಲಿಸಂ ಎಂದು ಅದಕ್ಕೆ ಹೆಸರು. ಬಜೆ, ಸಕ್ಕರೆ ನೀರು, ಹಸುವಿನ ಹಾಲು, ಯಾವುದೂ ಆರು ತಿಂಗಳವರೆಗೆ ಬೇಡ, ನೀರು ಕೂಡ. ಆದರೆ ಇದನ್ನು ಅಜ್ಜಿಗೆ ನೀನು ಹೇಳಿದರೆ ‘ನಾವು ಹೆತ್ತಿಲ್ಲವೇ’ ಎನ್ನುವ ಮಾತು ಬರುತ್ತದೆ. ಅವರನ್ನೇ ಒಮ್ಮೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ, ವೈದ್ಯರ ಬಾಯಿಂದಲೇ ಹೇಳಿಸು. ಬೇಕಾದರೆ ಬಜೆಯನ್ನು ದಾರದಲ್ಲಿ ಕಟ್ಟಿ ತೊಟ್ಟಿಲಿನ ಮೇಲ್ಗಡೆ, ಮಗುವಿನ ಕೈಗೆ ಎಟುಕದಷ್ಟು ಎತ್ತರದಲ್ಲಿ ತೂಗುಹಾಕಲಿ. ಅದಕ್ಕೆ ಯಾವ ವೈದ್ಯರೂ ಬೇಡವೆನ್ನುವುದಿಲ್ಲ.

ಊಟದಲ್ಲಿ ಕಾಳುಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ, ಅಂಟಿನುಂಡೆ, ತುಪ್ಪ, ಎಲ್ಲವೂ ಇರಲಿ. ಆದರೆ ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ದೊಡ್ಡದಾಗುತ್ತದೆ ಎಂದು ದಿನಕ್ಕೆ ಎರಡು ಲೋಟ ಅಳೆದು ಕೊಡುವ ಪದ್ಧತಿಯನ್ನು ನಾನು ನಮ್ಮ ಮನೆಯಲ್ಲಿ ನಿಲ್ಲಿಸಿದೆ. ಹಾಲೂಡುವವಳಿಗೆ ಬಾಯಾರಿಕೆ ಹೆಚ್ಚು. ಪ್ರತಿ ಸಲ ಕುಡಿಸಲು ಕೂತಾಗಲೂ ಪಕ್ಕದಲ್ಲಿ ಒಂದು ಚೊಂಬು ಬಿಸಿನೀರು ಇರಬೇಕು. ಬೇಳೆ, ತರಕಾರಿ, ಹಣ್ಣು ಬಿಡುವುದೂ ಸರಿಯಲ್ಲ. ಈ ಕಾಲದಲ್ಲಿ ಮೊದಲಿಗಿಂತ ಒಂದು ಹೊತ್ತಿನ ಊಟ ಹೆಚ್ಚೇ ಬೇಕು.

ಬಾಣಂತಿ ಕೋಣೆಯ ಬಾಗಿಲು ಕಿಟಕಿ ಮುಚ್ಚಿ ಮಂಚದ ಕೆಳಗೆ ಕೆಂಡ ಇಡುವುದು ಅಪಾಯ. ಕೆಂಡದಿಂದ ಹೊರಡುವ ವಿಷಾನಿಲಕ್ಕೆ ವಾಸನೆಯೇ ಇರುವುದಿಲ್ಲ. ಚಳಿಗೆ ಕೂಸಿನ ತಲೆಗೆ ಕುಲಾವಿ ಹಾಕಿ, ಎದೆಗೆ ಅಪ್ಪಿಕೊಂಡು, ಮೇಲೆ ಕಂಬಳಿ ಹೊದ್ದರೆ ಅದಕ್ಕಿಂತ ಒಳ್ಳೆಯ ಕಾವು ಬೇರೆ ಇಲ್ಲ. ಹುಟ್ಟಿದ ದಿನವೇ ಎರೆಯುವುದು ಬೇಡ, ಒಂದು ದಿನವಾದರೂ ಕಳೆಯಲಿ. ಹೊಕ್ಕುಳಿಗೆ ಎಣ್ಣೆ, ಅರಿಶಿನ, ಬೂದಿ ಏನನ್ನೂ ಹಚ್ಚದೆ ಒಣಗಲು ಬಿಡಿ.

ಬಟ್ಟೆಯ ಮಾತು ಕೇಳಿದ್ದೀಯ. ನಮ್ಮ ಮನೆಯಲ್ಲಿ ಬಚ್ಚಲ ಒಲೆಯ ಮೇಲ್ಗಡೆ ಬಿದಿರಿನ ಗಳ ಕಟ್ಟಿ, ಹಿಂಡಿದ ಬಟ್ಟೆ ಹರವುತ್ತೇವೆ. ಹಂಡೆಗೆ ಉರಿ ಹಾಕಿದಾಗ ಹೊಗೆ ಹಿಡಿಯುತ್ತದೆ, ಆದ್ದರಿಂದ ಉರಿ ಆರಿ ಕೆಂಡವಾದ ಮೇಲೆ ಹರವಬೇಕು. ಕರೆಂಟಿದ್ದಾಗ ಇಸ್ತ್ರಿ ಹಾಕಿದರೆ ಉಳಿದ ತೇವವೂ ಹೋಗುತ್ತದೆ. ಕೂಸು ದಿನಕ್ಕೆ ಇಪ್ಪತ್ತು ತುಂಡು ಒದ್ದೆ ಮಾಡುತ್ತದೆ, ಮಳೆಗಾಲದಲ್ಲಿ ಅದರ ಮೂರು ಪಟ್ಟು ಇಟ್ಟುಕೋ. ರಾತ್ರಿಗೆ ಡೈಪರ್ ಹಾಕಿದರೆ ಪಾಪವೇನೂ ಬರುವುದಿಲ್ಲ. ಹಸಿ ಬಟ್ಟೆಗಿಂತ ಅದೇ ಮೇಲು.

ತುಂಗಾತೀರದವಳು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಇವನ್ನೆಲ್ಲ ಮನೆಯವರಿಗೆ ಓದಿ ಹೇಳಿದೆ. ಶಿವಮೊಗ್ಗದಲ್ಲಿ ಚಿಕ್ಕಮ್ಮನ ಮನೆಯಲ್ಲಿ 37ನೇ ವಾರದಿಂದ ಉಳಿಯಲು ಅಮ್ಮ ಒಪ್ಪಿದ್ದಾರೆ. ಮೊದಲ ಬಾರಿ ಬರೆಯುವಾಗ ಒಂದು ವಿಷಯ ಬಿಟ್ಟುಹೋಗಿತ್ತು. ನನಗೆ ಬಸಿರಿನಲ್ಲಿ ಸಕ್ಕರೆ ಕಾಣಿಸಿಕೊಂಡಿದ್ದು, ಸದ್ಯಕ್ಕೆ ಪಥ್ಯದಲ್ಲೇ ಹತೋಟಿಯಲ್ಲಿದೆ. ಇಂಥವರು ಹೆರಿಗೆಗೆ ಮೊದಲೇ ಹಾಲು ಹಿಂಡಿ ಶೇಖರಿಸಿಡಬೇಕೆಂದು ಗೆಳತಿಯೊಬ್ಬಳು ಹೇಳಿದಳು. ಇದು ನಿಜವೇ?

ನಿವೃತ್ತ ಶುಶ್ರೂಷಕಿ

ಸಕ್ಕರೆ ಇರುವ ತಾಯಿಯ ಮಗುವಿಗೆ ಹುಟ್ಟಿದ ಮೊದಲ ಗಂಟೆಗಳಲ್ಲಿ ರಕ್ತದ ಸಕ್ಕರೆ ಇಳಿಯುವ ಸಾಧ್ಯತೆ ಇರುವುದರಿಂದ ಈ ಮಾತು ಹುಟ್ಟಿದೆ. ಬೇರೆ ತೊಡಕಿಲ್ಲದ ಇಂಥ ಬಸುರಿಯರು 36ನೇ ವಾರದಿಂದ ಕೈಯಿಂದ ಸ್ವಲ್ಪ ಸ್ವಲ್ಪ ಹಾಲು ತೆಗೆಯುವುದು ಅಪಾಯಕಾರಿಯಲ್ಲವೆಂದು ಆಸ್ಟ್ರೇಲಿಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆದರೆ ಮಾಸು ಕೆಳಗಿದ್ದರೆ, ರಕ್ತ ಹೋಗಿದ್ದರೆ, ದಿನ ತುಂಬುವ ಮೊದಲೇ ನೋವು ಬರುವ ಸೂಚನೆಯಿದ್ದರೆ ಇದನ್ನು ಮಾಡುವಂತಿಲ್ಲ. ನಿಮ್ಮ ವೈದ್ಯರ ಒಪ್ಪಿಗೆ ಇಲ್ಲದೆಯೂ ಮಾಡಬೇಡಿ.

ಒಪ್ಪಿದರೂ ತೆಗೆದ ಹಾಲನ್ನು ಸಿರಿಂಜಿನಲ್ಲಿ ತುಂಬಿ ಫ್ರೀಜರಿನಲ್ಲಿ ಇಡಬೇಕು. ತವರಿನ ಕರೆಂಟಿನ ಕಥೆಯನ್ನು ನೀವೇ ಬರೆದಿದ್ದೀರಿ. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ ಹಾಲು ಮಗುವಿಗೆ ಯೋಗ್ಯವಲ್ಲ. ಆದ್ದರಿಂದ ಶೇಖರಣೆಯ ಯೋಚನೆ ಬಿಟ್ಟು, ಹಿಂಡುವ ಕ್ರಮವನ್ನು ಮಾತ್ರ 37ನೇ ವಾರದಲ್ಲಿ ಆಸ್ಪತ್ರೆಯ ದಾದಿಯರಿಂದ ಕಲಿತುಕೊಳ್ಳಿ. ಹೆಬ್ಬೆರಳು ಮತ್ತು ತೋರುಬೆರಳನ್ನು ಕಪ್ಪುಭಾಗದ ಅಂಚಿನಾಚೆಗೆ ಎದುರುಬದುರಾಗಿ ಇಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಎರಡು ಬೆರಳನ್ನೂ ಕೂಡಿಸಿ ಬಿಡಬೇಕು. ಚರ್ಮದ ಮೇಲೆ ಬೆರಳು ಜಾರಬಾರದು. ಮಗು ಹುಟ್ಟಿ ಸರಿಯಾಗಿ ಕಚ್ಚದಿದ್ದರೆ ಅಲ್ಲಿಯೇ ಚಮಚಕ್ಕೆ ಹಿಂಡಿ ಕುಡಿಸಬಹುದು.

ಮಗುವಿಗೆ ಮೊದಲ ಗಂಟೆಯಲ್ಲೇ ಹಾಲು ಸಿಗಬೇಕು, ಆಮೇಲೆ ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿಯಾದರೂ ಕುಡಿಸಬೇಕು. ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡುತ್ತಾರೆ. ಎದೆಹಾಲಿನ ನಂತರವೂ ಅದು ಇಳಿದೇ ಇದ್ದರೆ ವೈದ್ಯರು ಪುಡಿ ಹಾಲನ್ನೋ ಗ್ಲೂಕೋಸನ್ನೋ ಕೊಡುವುದು ನಿಜವಾದ ವೈದ್ಯಕೀಯ ಕಾರಣದಿಂದ, ಆಗ ತಡೆಯಬೇಡಿ. ಎದೆಗೆ ಹಾಕುವುದನ್ನು ಮಾತ್ರ ನಿಲ್ಲಿಸಬೇಡಿ. ನಿಮ್ಮ ಸಕ್ಕರೆಯನ್ನು ಹೆರಿಗೆಯಾದ 6ರಿಂದ 12 ವಾರದೊಳಗೆ ಮತ್ತೊಮ್ಮೆ ಪರೀಕ್ಷಿಸಬೇಕು. ಮಗುವಿನ ಆರು ವಾರದ ಚುಚ್ಚುಮದ್ದಿಗೆ ಹೋಗುವ ದಿನವೇ ಅದನ್ನೂ ಇಟ್ಟುಕೊಂಡರೆ ಮರೆಯುವುದಿಲ್ಲ. ತೀರ್ಥಹಳ್ಳಿಯ ಆಸ್ಪತ್ರೆಯಲ್ಲೂ ಅದು ಆಗುತ್ತದೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಈಗಲೇ ಕೇಳಿಟ್ಟುಕೊಳ್ಳಿ.